ಕಾಕು ಕೂಡಿಸಿದ ಸಭೆ

ಹೋದ ವಾರ ನಮ್ಮ ಓಣಿಯಲ್ಲಿ ಕರೆಂಟು ಹೋಗಿತ್ತು. ಪಕ್ಕದ ಮನೆಯ ಹುಡುಗಿ ಮಿಕ್ಸರಿನ ಆಸೆ ಬಿಟ್ಟು, ಅಟ್ಟದ ಮೇಲಿದ್ದ ಹಿತ್ತಾಳೆಯ ಖಲಬತ್ತಾ ಇಳಿಸಿಕೊಂಡು ಶೇಂಗಾ ಚಟ್ನಿ ಕುಟ್ಟಲು ಕುಳಿತಳು. ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ... ಆ ವಾಸನೆ ಗೋಡೆ ದಾಟಿ ಬಂತು. ಅದರ ಬೆನ್ನಿಗೇ ಟಣ್ ಟಣ್ ಎಂಬ ಸದ್ದು. ನಾನು ಸೋಸುತ್ತಿದ್ದ ಮೆಂತೆಸೊಪ್ಪನ್ನು ಮೊರದಲ್ಲೇ ಬಿಟ್ಟು ಎದ್ದೆ. ಸೆರಗು ಸರಿ ಮಾಡಿಕೊಂಡು ಬಾಗಿಲವರೆಗೂ ಹೋದೆ. ಹೊಸ್ತಿಲ ಮೇಲೆ ನಿಂತಾಗ ನೆನಪಾಯಿತು, ನನ್ನನ್ನು ಯಾರೂ ಕರೆದಿಲ್ಲ.

ಆ ಸದ್ದಿಗೆ ಎದ್ದು ಓಡುವುದನ್ನು ನಾನು ಕಲಿತದ್ದು ಸೊಲ್ಲಾಪುರದ ಹಳೆಯ ವಾಡೆಯೊಂದರಲ್ಲಿ, ಮದುವೆಯಾಗಿ ಬಂದ ಹೊಸತರಲ್ಲಿ. ನಡುವೆ ಕಲ್ಲು ಹಾಸಿದ ಅಂಗಳ, ಸುತ್ತಲೂ ಹನ್ನೊಂದು ಬಿಡಾರ, ಎಲ್ಲರಿಗೂ ಸೇರಿ ಒಂದು ನಳ. ವಾಡೆಯ ಒಡತಿ ಮೂಲೆಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಅವರನ್ನು ಸಣ್ಣವರು ದೊಡ್ಡವರು ಎಲ್ಲರೂ ಕಾಕು ಎನ್ನುತ್ತಿದ್ದೆವು. ಐವತ್ತರ ಹತ್ತಿರದ ವಯಸ್ಸು, ಕುಂಕುಮವಿಲ್ಲದ ಅಗಲ ಹಣೆ, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು.

ಎಲ್ಲವೂ ಮೊದಲಿನಂತೆ ಇದ್ದ ಕೊನೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಮೂವತ್ತೇಳನೆಯ ಇಸವಿ, ಸಂಕ್ರಾಂತಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ಮರುದಿನ ಮತದಾನ. ಮುಂಬಯಿಯ ಶಾಸನಸಭೆಗೆ ಹೊಸ ಕಾಯದೆಯ ಪ್ರಕಾರ ಸದಸ್ಯರನ್ನು ಆರಿಸುವ ಮೊದಲ ಚುನಾವಣೆ. ಊರ ತುಂಬ ಡಂಗುರ, ಗೋಡೆ ತುಂಬ ಕಾಗದ. ಆದರೆ ನಮ್ಮ ಅಂಗಳದಲ್ಲಿ ಆ ಸಂಜೆ ನಡೆದದ್ದು ಎಂದಿನ ನಳದ ಚರ್ಚೆ.

ಕಾಕು ತುಳಸಿಕಟ್ಟೆಯ ಎದುರು ಮಣೆಯ ಮೇಲೆ ಕುಳಿತಿದ್ದರು. ಮುಂದೆ ಖಲಬತ್ತಾ. ಶೇಂಗಾ ಕುಟ್ಟುವುದು ಮುಗಿದಿತ್ತು. ಖಾಲಿ ಒರಳಿಗೆ ಬತ್ತಾದಿಂದ ಹೊಡೆದರೆ ಸಭೆ ಕೂಡಿತೆಂದು ಅರ್ಥ.

ಗಿರಣಿಯಲ್ಲಿ ನೂಲಿನ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸೊಬ್ಬರು ವಾಡೆಯಲ್ಲಿದ್ದರು, ಅವರನ್ನು ಗಿರಣಿ ಅಕ್ಕ ಎನ್ನುತ್ತಿದ್ದೆವು. ಅಂದು ಮೊದಲು ಎದ್ದವರು ಅವರೇ.

"ನಾ ಭೋಂಗಾ ಕೂಗೂದ್ರಾಗ ಗಿರಣಿ ಗೇಟಿನ್ಯಾಗ ಇರಬೇಕ್ರಿ. ಮುಂಜಾನೆ ಎರಡ ಕೊಡಾ ಮದಲ ನನಗ ಬಿಡ್ರಿ ಅಂತೀನಿ. ತಪ್ಪೇನೈತಿ ಇದ್ರಾಗ?"

ಮಾಳಿಗೆಯ ಮೇಲಿದ್ದ ವೈನಿ, ಕೋರ್ಟಿನ ಹೆಡ್ ಕ್ಲಾರ್ಕರ ಹೆಂಡತಿ, ಕೆಳಗಿಳಿಯುತ್ತಲೇ ಉತ್ತರ ಕೊಟ್ಟರು. "ಎರಡ ಅಂದಾಕಿ ನಾಕ ತುಂಬ್ತಾಳ. ಆಮ್ಯಾಲೆ ನಮಗ ನಳದಾಗ ಗಾಳಿ ಅಷ್ಟಽ ಬರತೈತಿ."

"ನಿಮ್ಮ ಮನ್ಯಾಗ ಇರೂದು ಮೂರು ಮಂದಿ. ಎಮ್ಮಿ ಮೈ ತೊಳಿತೀರೇನ್ರಿ ವೈನಿ, ಅಷ್ಟು ನೀರು ಬೇಕಾಗಾಕ?"

ಟಣ್ ಎಂದಿತು ಖಲಬತ್ತಾ. "ಇಬ್ಬರೂ ನನ್ನ ಕಡೆ ಮುಖಾ ಮಾಡ್ರಿ," ಎಂದರು ಕಾಕು. "ಅಕೀ ಕಡೆ ನೋಡಿ ಮಾತಾಡಿದ್ರ ಅದು ಜಗಳಾ. ನನ್ನ ಕಡೆ ನೋಡಿ ಮಾತಾಡಿದ್ರ ಚರ್ಚಾ."

ಇದನ್ನೆಲ್ಲ ಕಾಕು ಕಲಿತದ್ದು ಗಂಡನಿಂದ. ಅವರು ಮುಂಬಯಿಯ ಶಾಸನಸಭೆಯ ಸದಸ್ಯರೊಬ್ಬರ ಬಳಿ ಕಾರಕೂನರಾಗಿದ್ದರಂತೆ. ಅಧಿವೇಶನ ನಡೆದಾಗಲೆಲ್ಲ ಒಡೆಯರ ಕಾಗದಪತ್ರ ಹೊತ್ತು ಮುಂಬಯಿಗೋ ಪುಣೆಗೋ ಹೋಗಿ, ಮೇಲಿನ ಗ್ಯಾಲರಿಯಲ್ಲಿ ಕುಳಿತು ಎಲ್ಲ ನೋಡಿ ಬರುತ್ತಿದ್ದರು. ಬಂದ ಮೇಲೆ ಮೂರು ದಿನ ಊಟದ ಹೊತ್ತಿನಲ್ಲಿ ಅದೇ ಮಾತು. ಕಾಕು ರೊಟ್ಟಿ ಬಡಿಯುತ್ತ ಬಡಿಯುತ್ತ ಎಲ್ಲ ಕೇಳಿಸಿಕೊಂಡರು, ತಿರುತಿರುಗಿ ಪ್ರಶ್ನೆ ಹಾಕಿದರು. ಪ್ರಶ್ನೆ ಕೇಳುವುದಕ್ಕೆ ಮುಂಚೆ ನೋಟೀಸು ಕೊಡಬೇಕು. ಅಧ್ಯಕ್ಷರು ಎದ್ದು ನಿಂತರೆ ಎಂಥ ದೊಡ್ಡ ಮನುಷ್ಯನೂ ಕೂಡಬೇಕು. ಒಬ್ಬರು ಮಾತಾಡಿದ ಮಾತು ಪುಸ್ತಕದಲ್ಲಿ ಅಚ್ಚಾಗುತ್ತದೆ, ಆಮೇಲೆ ಆಡಿಲ್ಲ ಎನ್ನಲು ಬರುವುದಿಲ್ಲ. ಕೂಗಿನಿಂದ ತೀರ್ಮಾನವಾಗದಿದ್ದರೆ ಗಂಟೆ ಬಾರಿಸುತ್ತಾರೆ, ಬಾಗಿಲು ಹಾಕುತ್ತಾರೆ, ಹೌದು ಎನ್ನುವವರು ಒಂದು ಕಡೆ ಇಲ್ಲ ಎನ್ನುವವರು ಇನ್ನೊಂದು ಕಡೆ ಸರಿದು ನಿಲ್ಲುತ್ತಾರೆ, ತಲೆ ಎಣಿಸುತ್ತಾರೆ.

ಈ ತಲೆ ಎಣಿಸುವುದೆಂದರೆ ಕಾಕುವಿಗೆ ಪ್ರಾಣ. ಗಂಡ ತೀರಿಹೋದ ಮೇಲೆ ವಾಡೆ ಅವರ ಹೆಸರಿಗೆ ಬಂತು. ನಳದ ಜಗಳ ವಿಕೋಪಕ್ಕೆ ಹೋದಾಗ ಒಡತಿಯಾಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು, ಬಾಡಿಗೆಯವರು ಯಾರು ಎದುರಾಡುತ್ತಿದ್ದರು? ಅವರು ಹಾಗೆ ಮಾಡಲಿಲ್ಲ. ಸೀರೆ ಉಟ್ಟವರೆಲ್ಲ ಅಂಗಳಕ್ಕೆ ಬರಬೇಕು ಎಂದರು. ಹೌದು ಎನ್ನುವವರು ತುಳಸಿಯ ಕಡೆ, ಇಲ್ಲ ಎನ್ನುವವರು ಬೀಸುವ ಕಲ್ಲಿನ ಕಡೆ. ಅವರನ್ನು ಬಿಟ್ಟು ನಾವು ಹದಿನೈದು ಮಂದಿ.

ಆ ಸಂಜೆಯೂ ಖಲಬತ್ತಾದಿಂದ ಮೂರು ಸಲ ಗಂಟೆಯಾಯಿತು, ಹೊರಬಾಗಿಲು ಹಾಕಿದರು. ಆಗ ಮಾಳಿಗೆಯ ವೈನಿ ಕೂಗಿದರು. "ಅಯ್ಯ ಕಾಕು, ನನ್ನ ಹಾಲು! ಒಲಿ ಮ್ಯಾಲ ಇಟ್ಟ ಬಂದೀನಿ, ಉಕ್ಕತೈತಿ!"

"ಉಕ್ಕಲಿ ಬಿಡು. ಎಣಿಕಿ ಮುಗಿಯೂಮಟ ಯಾರೂ ಅಲಗ್ಯಾಡಂಗಿಲ್ಲ."

"ಹಂಗಾರ ಇಕಿಗೇ ನೀರು ಕೊಡ್ರಿ, ನನ್ನ ಹಾಲಿನ ಸಲುವಾಗಿ ಲಗೂನ ಮುಗಸ್ರಿ!" ಎಂದು ವೈನಿ ಬೀಸುವ ಕಲ್ಲಿನ ಕಡೆಯಿಂದ ತುಳಸಿಯ ಕಡೆಗೆ ಓಡಿಬಂದರು. ನಾವು ನಕ್ಕು ನಕ್ಕು ಬಿದ್ದೆವು. ಗಿರಣಿ ಅಕ್ಕನಿಗೆ ಎರಡು ಕೊಡದ ನೀರು ನಿಗದಿಯಾಯಿತು. ಹಾಲು ಉಕ್ಕಿತ್ತು.

ಒಮ್ಮೆ ಗಿರಣಿ ಅಕ್ಕನೇ ಒಂದು ಸೂಚನೆ ತಂದಿದ್ದರು. ಹೀಗೆ ಎಲ್ಲರ ಕಣ್ಣೆದುರು ನಿಲ್ಲುವುದು ಬೇಡ, ಒಂದು ಗಡಿಗೆಯಲ್ಲಿ ಹುಣಸೆಬೀಜ ಹಾಕೋಣ, ಯಾರು ಯಾವ ಕಡೆ ಎಂದು ಯಾರಿಗೂ ತಿಳಿಯಬಾರದು ಎಂದು. ಕಾಕು ಒಪ್ಪಲಿಲ್ಲ. "ಅದು ಓಟ್ ಹಾಕೋ ಮಂದಿಗೆ. ಅವರ ಮನಸ್ಸು ಗುಟ್ಟಾಗಿರಬೇಕು. ನಾವು ಸಭಾದವರು. ನಾವು ಮುಖಾ ತೋರಿಸಿ ನಿಂದರಬೇಕು," ಎಂದರು. ಇನ್ನೊಮ್ಮೆ, ಗಿರಣಿ ಅಕ್ಕ ವಳಸಂಗದ ತವರಿನಿಂದ ತಂದು ಕಟ್ಟಿದ್ದ ಆಡನ್ನು ಅಂಗಳದಿಂದ ತೆಗೆಯಬೇಕೋ ಬೇಡವೋ ಎಂಬ ಮಾತು ಬಂತು. ಒಬ್ಬರು ಊರಿಗೆ ಹೋಗಿದ್ದರಿಂದ ಎರಡೂ ಕಡೆ ಸಮವಾಯಿತು. ಸಮವಾದರೆ ಅಧ್ಯಕ್ಷರು ಇದ್ದದ್ದನ್ನು ಇದ್ದಂತೆ ಬಿಡುವ ಕಡೆಗೇ ಮತ ಹಾಕಬೇಕು, ತಮ್ಮ ಮನಸ್ಸಿನಂತೆ ಹೊಸದು ಮಾಡಬಾರದು ಎಂದು ಗಂಡ ಹೇಳಿದ್ದರಂತೆ. ಆಡು ಇತ್ತು, ಆದ್ದರಿಂದ ಆಡು ಉಳಿಯಿತು. ಅದು ಕಾಕುವಿನ ಒಣಹಾಕಿದ ಸಂಡಿಗೆಯನ್ನೇ ಎರಡು ಸಲ ತಿಂದಿತ್ತು.

ಮತದಾರರ ಪಟ್ಟಿ ಬಂದ ದಿನ ಮಾತ್ರ ಅಂಗಳದಲ್ಲಿ ನಗು ಕಡಿಮೆಯಾಗಿತ್ತು. ನಮ್ಮ ಸಭೆಯ ಹದಿನಾರು ಮಂದಿಯಲ್ಲಿ ಪಟ್ಟಿಯಲ್ಲಿದ್ದವರು ಮೂವರು. ವಾಡೆಯ ಒಡತಿಯೆಂದು ಕಾಕು, ಗಂಡನ ಆಸ್ತಿಯ ಮೇಲೆ ಮಾಳಿಗೆಯ ವೈನಿ, ಓದುಬರಹ ಬರುತ್ತದೆಂದು ನಾನು.

"ನನ್ನ ತಲಿ ಎಲ್ಲಿ ಹೋತ್ರಿ ಕಾಕು?" ಎಂದು ಗಿರಣಿ ಅಕ್ಕ ಕೇಳಿದರು.

ಕಾಕು ಪಟ್ಟಿಯನ್ನು ಮಡಚಿಟ್ಟರು. ಆಮೇಲೆ, "ಸರಕಾರ ತಲಿ ಎಣಸೂದಿಲ್ಲವಾ. ಮನಿ ಎಣಸತೈತಿ, ಹೊಲಾ ಎಣಸತೈತಿ, ಅಕ್ಷರ ಎಣಸತೈತಿ," ಎಂದರು.

"ಹಂಗಾರ ಮುಂದಿನ ಜನ್ಮಕ್ಕ ನಾ ಮನಿ ಆಗೇ ಹುಟ್ಟತೀನಿ ತಗೋರಿ. ನಿಮ್ಮಂಥವರು ಬಾಡಿಗಿಗೆ ಬರ್ರಿ."

ನಾನು ಪಟ್ಟಿಗೆ ಸೇರಿದ್ದು ಕಾಕುವಿನ ಹಟದಿಂದ. ನಾನು ವಿಜಾಪುರದ ಕಡೆಯವಳು, ಕನ್ನಡ ಏಳನೆಯ ಇಯತ್ತೆಯವರೆಗೆ ಓದಿದ್ದೆ. ಓದು ಬರುವ ಹೆಂಗಸರು ತಾವೇ ಅರ್ಜಿ ಕೊಡಬೇಕೆಂದು ತಿಳಿದ ದಿನವೇ ಕಾಕು ನನ್ನನ್ನು ಕಚೇರಿಗೆ ಎಳೆದುಕೊಂಡು ಹೋದರು. ಅಲ್ಲಿನ ಕಾರಕೂನರು ನನ್ನ ಕೈಬರಹ ನೋಡಿ ಹುಬ್ಬೇರಿಸಿ, "ಹೇ ಕಾಯ ಲಿಹಿಲಂಯ ಬಾಯಿ?" ಎಂದು ಕೇಳಿದರು. ನನಗೆ ಆಗ ಮರಾಠಿ ಸರಿಯಾಗಿ ಬರುತ್ತಿರಲಿಲ್ಲ, ಇದೇನು ಬರೆದಿದ್ದೀ ಎಂದು ಬೈಯುತ್ತಿದ್ದಾರೆಂದು ಹೆದರಿದೆ. ಕಾಕು ಮೇಜಿನ ಮೇಲೆ ಕೈಯೂರಿ, "ಕಾನಡಿ ಆಹೇ. ಅಕ್ಷರಚ್ ಆಹೇ!" ಎಂದರು. ಕನ್ನಡ, ಅದೂ ಅಕ್ಷರವೇ. ಕಾರಕೂನರು ನಕ್ಕು ಅರ್ಜಿ ತೆಗೆದುಕೊಂಡರು. ಹಿಂದಿರುಗುವಾಗ ಕಾಕು ದಾರಿಯುದ್ದಕ್ಕೂ ಒಂದೇ ಮಾತು ಹೇಳಿದರು. "ಆ ದಿವಸ ಏನಽ ಬರಲಿ, ಮನ್ಯಾಗ ಕೂಡಬ್ಯಾಡ. ಗಿರಣಿಯಾಕಿಗೆ ಇಲ್ಲ, ನಿನಗೈತಿ. ನೀ ಕುಂತಿ ಅಂದ್ರ ಅಕೀ ಮುಖಾ ಹೆಂಗ ನೋಡ್ತಿ?"

ಇಷ್ಟು ಬರೆದ ಮೇಲೆ ಇನ್ನೊಂದು ಸಂಗತಿ ಬರೆಯಲೇಬೇಕು. ವಾಡೆಯಲ್ಲಿ ಯಾರಾದರೂ ಮುಖ್ಯ ಕೆಲಸಕ್ಕೆ ಹೊರಟರೆ, ಅಂದರೆ ಕೋರ್ಟಿಗೆ, ಪರೀಕ್ಷೆಗೆ, ಹೆಣ್ಣು ನೋಡಲಿಕ್ಕೆ, ಹೊಸ ನೌಕರಿಗೆ, ಕಾಕು ತಮ್ಮ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊರಟವರು ಎದುರಿಗೆ ಗಂಡ ಸತ್ತವಳ ಮುಖ ಕಾಣಬಾರದು. ಯಾರೂ ಅವರಿಗೆ ಹಾಗೆ ಮಾಡಿರೆಂದು ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಇನ್ನೂ ಚಪ್ಪಲಿ ಹುಡುಕುತ್ತಿರುವಾಗಲೇ ಮೂಲೆಮನೆಯ ಅಗಳಿ ಬಿದ್ದ ಸದ್ದು ಕೇಳುತ್ತಿತ್ತು. ನಾವು ಆ ಸದ್ದು ಕೇಳಿ ಹೊರಡುತ್ತಿದ್ದೆವು. ಎಲ್ಲದಕ್ಕೂ ನಿಯಮವಿದ್ದ ಆ ಅಂಗಳದಲ್ಲಿ ಇದೊಂದನ್ನು ಮಾತ್ರ ಯಾರೂ ಸಭೆಗೆ ತಂದಿರಲಿಲ್ಲ.

ಮತದಾನದ ದಿನ ಬೆಳಗಾಗುವ ಮೊದಲೇ ಉಮೇದುವಾರರೊಬ್ಬರ ಕಡೆಯವರು ನಮ್ಮ ವಾಡೆಯ ಹೊರಬಾಗಿಲಲ್ಲೇ ಮೇಜು ಹಾಕಿದರು. ಟಾಂಗಾ ತಿರುಗಿಸಲು ಅಲ್ಲಿ ಜಾಗ ಚೆನ್ನಾಗಿತ್ತು. ಹಿಂದಿನ ದಿನ ಬಂದು ಕೇಳಿದಾಗ ಕಾಕುವೇ ಸಂತೋಷದಿಂದ ಒಪ್ಪಿಗೆ ಕೊಟ್ಟಿದ್ದರು. ಇಡೀ ಓಣಿಯ ಮತದಾರರ ನಂಬರು ಬರೆದ ಚೀಟಿಗಳನ್ನು ವಿಂಗಡಿಸಿ ಕೊಟ್ಟವರೂ ಅವರೇ.

ಎಂಥ ಗದ್ದಲ ಅಂದು! ಟಾಂಗಾದ ಕುದುರೆಗಳಿಗೆ ಗೊಂಡೆ ಕಟ್ಟಿದ್ದರು. ಜರಿ ರುಮಾಲಿನವರು, ಕೋಟು ಹಾಕಿದವರು, ಮೊದಲ ಸಲ ಹೊರಬಿದ್ದ ಗೋಷಾದ ಹೆಂಗಸರು. ಬೇರೆ ಓಣಿಯವರೂ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು ಟಾಂಗಾ ಕಾಯುತ್ತಿದ್ದರು. ಮಾಳಿಗೆಯ ವೈನಿ ಮದುವೆಯ ಸೀರೆ ಉಟ್ಟು, ನತ್ತು ಇಟ್ಟುಕೊಂಡು, "ಮದಲನೇ ಟಾಂಗಾ ನಂದು" ಎಂದು ಹತ್ತಿ ಕೂತರು. ನಾನೂ ಅದರಲ್ಲೇ ಹೋಗಬೇಕಿತ್ತು. ಅಂಗಳ ದಾಟುವಾಗ ಕಾಲು ತಡೆಯಿತು, ಕಿವಿ ಮೂಲೆಮನೆಯ ಕಡೆಗೆ ಹೋಯಿತು. ಅಗಳಿ ಬಿದ್ದ ಸದ್ದು ಕೇಳಿತು. ಆಮೇಲೆ ಹೋದೆ. ಅದನ್ನು ಈಗ ಮರೆಮಾಚಿ ಏನು ಪ್ರಯೋಜನ.

ಮತಗಟ್ಟೆ ಶಾಲೆಯೊಂದರಲ್ಲಿ ಇತ್ತು. ಹೆಂಗಸರಿಗೆ ಬೇರೆ ಕೋಣೆ. ಅರಗಿನ ಮುದ್ರೆ ಒತ್ತಿದ ಪೆಟ್ಟಿಗೆ, ಚಾದರದ ಪರದೆ. ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು. ಮದುವೆಯಾದ ಮೇಲೆ ಅಷ್ಟು ಗಟ್ಟಿಯಾಗಿ ನನ್ನ ಹೆಸರನ್ನು ಯಾರೂ ಕರೆದಿರಲಿಲ್ಲ. ಕಾಗದವನ್ನು ಪೆಟ್ಟಿಗೆಯ ಸಂದಿಗೆ ಹಾಕಿದೆ. ಬಿದ್ದ ಸದ್ದು ಕೇಳುತ್ತದೇನೋ ಎಂದು ಒಂದು ಕ್ಷಣ ನಿಂತೆ.

ವಾಡೆಗೆ ಬಂದವಳು ಸೀದಾ ಕಾಕುವಿನ ಬಾಗಿಲಿಗೆ ಓಡಿದೆ. ಅದು ಇನ್ನೂ ಹಾಕಿಯೇ ಇತ್ತು.

"ಕಾಕು, ಹಾಕಿ ಬಂದೆ!"

"ಭಲೇ ಪೋರಿ!" ಒಳಗಿನಿಂದ ದನಿ ಬಂತು. "ಬಾಗಲಾ ದೂಡಬ್ಯಾಡ, ಹೊರಗ ಇನ್ನೂ ಮಂದಿ ಹೊಂಡಾಕತ್ತಾರ. ಅಲ್ಲೇ ಕುಂತ ಹೇಳು. ಪೆಟಿಗಿ ಎಷ್ಟ ದೊಡ್ಡದಿತ್ತು?"

"ನಮ್ಮ ಹಿಟ್ಟಿನ ಡಬ್ಬಿಯಷ್ಟ ಇತ್ರಿ."

"ಅರಗು ಹಚ್ಚಿದ್ರೇನ? ಎದುರಿಗೆ ಎಷ್ಟ ಮಂದಿ ಕುಂತಿದ್ರು? ಯಾರಿಗೆ ಹಾಕಿದಿ ಅಂತ ಯಾರರ ಇಣುಕಿ ನೋಡಿದ್ರೇನ?"

"ಇಲ್ರಿ, ಪರದೆ ಇತ್ತು."

"ನಿನ್ನ ಹೆಸರ ಓದಿದ್ರೇನ?"

"ಗಟ್ಟ್ಯಾಗಿ ಓದಿದ್ರು ಕಾಕು."

ಒಳಗೆ ಅವರು ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಒಂದು ಗಳಿಗೆ ನಾವಿಬ್ಬರೂ ಕದದ ಈಚೆ ಆಚೆ ಕುಳಿತು ಮಕ್ಕಳಂತೆ ನಕ್ಕೆವು. ನೀವು ಯಾವಾಗ ಹೋಗುತ್ತೀರಿ ಎಂದು ಕೇಳಿದೆ. "ಗೇಟಿನ್ಯಾಗ ಮಂದಿ ಕಡಿಮಿ ಆಗಲಿ, ಹೋಗಿ ಬರತೀನಿ," ಎಂದರು. ಹೊರಗೆ ಮೇಜಿನ ಬಳಿ ಒಬ್ಬ ಹಿರಿಯರು, "ಮಾಲಕೀಣ ಬಾಯಿ ಅವರನ್ನ ಕಡೀಕ ಕರಕೊಂಡು ಹೋಗೂಣು. ಈಗ ಮಂದಿ ಹೊಂಡೂ ಹೊತ್ತು," ಎಂದು ಹೇಳಿದ್ದೂ ನನ್ನ ಕಿವಿಗೆ ಬಿದ್ದಿತ್ತು. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೂ ಅದು ಸರಿಯೆಂದೇ ಕಂಡಿತು.

ಗೇಟಿನಲ್ಲಿ ಮಂದಿ ಕಡಿಮೆಯಾಗಲೇ ಇಲ್ಲ. ಮಧ್ಯಾಹ್ನ ಊಟ ಮುಗಿಸಿದವರು ಬಂದರು, ಬಿಸಿಲು ಇಳಿದ ಮೇಲೆ ಮುದುಕರು ಬಂದರು. ಒಂದು ಟಾಂಗಾ ಹೋಗುವುದರೊಳಗೆ ಇನ್ನೊಂದು ತುಂಬುತ್ತಿತ್ತು. ಕೊನೆಗೆ ಮೇಜಿನವರಿಗೆ ಕಾಕುವಿನ ನೆನಪಾಗಿ ಕರೆಯಲು ಬಂದಾಗ, ಶಾಲೆಯ ಕಡೆಯಿಂದ ಬಂದ ಟಾಂಗಾದವನು ಅಲ್ಲಿ ಬಾಗಿಲು ಹಾಕಿದರೆಂದು ಸುದ್ದಿ ತಂದ.

ಸಂಜೆಯ ಭೋಂಗಾ ಆಗಿ ಗಿರಣಿ ಅಕ್ಕ ಬಂದರು. ತಲೆಗೂದಲ ಮೇಲೆಲ್ಲ ಹತ್ತಿಯ ಎಳೆ. ಕೈಯಲ್ಲಿದ್ದ ಬುತ್ತಿಯ ಡಬ್ಬಿ ಇಳಿಸುವ ಮೊದಲೇ ಕೇಳಿದರು. "ಕಾಕು, ಹಾಕಿದ್ರೇನ್ರಿ?"

"ಇಲ್ಲವಾ. ಗೇಟಿನ್ಯಾಗ ಮಂದಿ ಇತ್ತು."

"ಮಂದಿ ಇದ್ರ ಏನಾತು?"

ಕಾಕು ನಗುತ್ತ, "ಎಷ್ಟ ಮಂದಿ ಹೋದ್ರು ಅಂತಿ! ಇಡೀ ದಿವಸ ಟಾಂಗಾದ ಸಪ್ಪಳಾ ನಿಂದರಲಿಲ್ಲ. ಒಳಗ ಕುಂತ ಎಣಿಸಿ ಎಣಿಸಿ ಸಾಕಾತು," ಎಂದರು.

ಗಿರಣಿ ಅಕ್ಕ ನಗಲಿಲ್ಲ. "ಹದಿನಾರು ತಲಿಗೆ ಮೂರು ಅಂದ್ರು. ಆ ಮೂರರಾಗೂ ಒಂದು ಕದದ ಹಿಂದ ಕುಂತಿತೇನ?" ಎಂದು ನಮ್ಮೆಲ್ಲರ ಮುಖ ನೋಡಿದರು. ಆಮೇಲೆ, "ನಾಳಿ ಸಂಜಿಕ ಸಭಾ ಕರೀರಿ. ನಂದೊಂದು ನೋಟೀಸು. ಯಾರಽ ಎಲ್ಲಿಗೇ ಹೊಂಡಲಿ, ಇನ್ನ ಮ್ಯಾಲ ಕಾಕು ಬಾಗಲಾ ಹಾಕೋಬಾರದು," ಎಂದರು.

ಕಾಕುವಿನ ಮುಖ ಆಗ ಹೇಗಾಯಿತು... ಬೇಡ ಎನ್ನುತ್ತಾರೆಂದು ನಾನು ತಿಳಿದಿದ್ದೆ. ಅವರು ಬೇಡ ಎನ್ನಲಿಲ್ಲ. "ನೋಟೀಸು ಮುಟ್ಟೈತಿ," ಎಂದಷ್ಟೇ ಹೇಳಿದರು. ಅವರ ದನಿ ಬಹಳ ಮೆತ್ತಗಿತ್ತು. ಅವರಿಗೆ ಇದು ಬೇಕಾಗಿದೆ ಎಂದು ನನಗೆ ಮೊದಲ ಸಲ ಹೊಳೆಯಿತು.

ಮರುದಿನ ವಾಡೆಯೆಲ್ಲ ಅದೇ ಮಾತು. ನಳದ ಹತ್ತಿರ, ಮೆಟ್ಟಿಲ ಮೇಲೆ, ಕಿಟಕಿಯಿಂದ ಕಿಟಕಿಗೆ. ಗಿರಣಿ ಅಕ್ಕ ನಸುಕಿನಲ್ಲೇ ನಾಲ್ಕು ಮನೆ ತಿರುಗಿ ಹೋಗಿದ್ದರು. ಮಾಳಿಗೆಯ ವೈನಿ, ಅಚ್ಚರಿಯೆಂದರೆ, ತುಳಸಿಯ ಕಡೆ ನಿಲ್ಲುತ್ತೇನೆಂದು ಮೇಲಿನಿಂದಲೇ ಸಾರಿದರು. "ನಾ ನತ್ತು ಇಟಗೊಂಡು ಮೆರಕೋತ ಹೋದೆ, ಅವರು ಒಳಗ ಕುಂತಿದ್ರು. ನನಗ ರಾತ್ರಿ ಊಟಾ ಸೇರಲಿಲ್ಲ." ಲೆಕ್ಕ ಹಾಕಿದವರೆಲ್ಲ ಒಂದೆರಡು ತಲೆಯ ಮೇಲೆ ನಿಂತಿದೆ ಎನ್ನುತ್ತಿದ್ದರು. ನನ್ನ ಬಗ್ಗೆ ಯಾರೂ ಕೇಳಲಿಲ್ಲ. ನಾನು ತುಳಸಿಯ ಕಡೆ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು.

ನಮ್ಮ ಮನೆಯಲ್ಲಿ ಆ ದಿನ ಬೇರೆ ಗಡಿಬಿಡಿ. ನನ್ನವರಿಗೆ ಬಾರ್ಶಿಯ ಗಿರಣಿಯೊಂದರ ಆಫೀಸಿನಲ್ಲಿ ನೌಕರಿ ಸಿಕ್ಕಿತ್ತು, ಮರುದಿನ ಬೆಳಗಿನ ಗಾಡಿಗೆ ಹೊರಡಬೇಕಿತ್ತು. ಎರಡು ವರ್ಷ ಕಾದ ನೌಕರಿ. ಅತ್ತೆ ಬುತ್ತಿಯ ಹಿಟ್ಟು ನಾದುತ್ತ ಹೇಳಿದರು. "ನಾ ಬೀಸೂ ಕಲ್ಲಿನ ಕಡೆ ನಿಂದರತೀನಿ. ನನ್ನ ಮಗಾ ನಾಳಿ ಹೊಂಟಾನ. ನಿನ್ನ ಗಂಡನೂ ಅವನಽ ಅದಾನ. ಆಮ್ಯಾಲೆ ನಿನ್ನ ಮನಸ್ಸು."

ಅವರು ಹೋಗಬೇಡ ಎನ್ನಲಿಲ್ಲ. ಅದನ್ನು ಇಷ್ಟು ವರ್ಷ ನಾನು ನೆನಪಿಟ್ಟುಕೊಂಡಿದ್ದೇನೆ. ಹೋಗಬೇಡ ಎಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸಂಜೆ ಮೊದಲ ಗಂಟೆಯಾಯಿತು. ಅತ್ತೆ ಸೆರಗು ಹೊದ್ದು ಹೊರಗೆ ಹೋದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಅಡಿಗೆಮನೆಯ ಕಿಟಕಿ ಅಂಗಳಕ್ಕೆ ತೆರೆದಿತ್ತು. ಎರಡನೆಯ ಗಂಟೆಯಾಯಿತು. ಹೋದರೆ ಎಲ್ಲರ ಎದುರಿಗೆ ಅತ್ತೆಯ ಎದುರು ಕಡೆ ನಿಲ್ಲಬೇಕು. ನಾಳೆ ದಾರಿಯಲ್ಲಿ ಗಂಡನಿಗೆ ಏನಾದರೂ ಆದರೆ? ನೌಕರಿ ಉಳಿಯದಿದ್ದರೆ? ಒಂದು ರೊಟ್ಟಿ ಹೆಂಚಿನ ಮೇಲೆ ಹತ್ತಿತು. ಅದನ್ನು ತೆಗೆದು ಇನ್ನೊಂದು ಹಾಕಿದೆ. ಮೂರನೆಯ ಗಂಟೆಯಾಯಿತು.

ಮೂರನೆಯದಾದ ಕೂಡಲೆ ಬಾಗಿಲು ಹಾಕಿಸುವುದು ಕಾಕುವಿನ ಪದ್ಧತಿ. ಅಂದು ಹಾಕಿಸಲಿಲ್ಲ. "ಇನ್ನ ಯಾರರ ಬರೋರು ಅದಾರೇನ?" ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ನಾನು ಕಿಟಕಿಯ ಪಕ್ಕಕ್ಕೆ, ಗೋಡೆಯ ಕಡೆಗೆ ಸರಿದು ನಿಂತೆ. ಕೈತುಂಬ ಹಿಟ್ಟು.

"ಬಾಗಲಾ ಹಾಕ್ರಿ," ಎಂದರು ಕಾಕು.

ಎಣಿಕೆ ಎಂದಿನಂತೆ ಗಟ್ಟಿಯಾಗಿಯೇ ನಡೆಯಿತು. ತುಳಸಿಯ ಕಡೆ ಏಳು. ಬೀಸುವ ಕಲ್ಲಿನ ಕಡೆ ಏಳು.

"ಸಮಾ ಆತು!" ಗಿರಣಿ ಅಕ್ಕ ಚೀರಿದರು. "ಕಾಕು, ಈಗ ನಿಮ್ಮ ಮತಾ! ಹಾಕ್ರಿ, ಮುಗಸ್ರಿ ಇದನ್ನ!"

ಕಾಕುವಿನ ದನಿ ಬಂತು. "ಮಣಿ ಮ್ಯಾಲ ಕುಂತಾಕಿಗೆ ಹೊಸಾದು ಮಾಡಾಕ ಬರೂದಿಲ್ಲವಾ. ಸಮಾ ಆದ್ರ ಇದ್ದದ್ದು ಇದ್ದಂಗ ಇರಬೇಕು. ನನ್ನ ಮತಾ ಬೀಸೂ ಕಲ್ಲಿನ ಕಡೆ."

"ಆಡಿಗೂ ಅದಽ ಕಾಯದೆ, ನಿಮಗೂ ಅದಽ ಕಾಯದೆ ಏನ್ರಿ?"

"ಹೌದು. ನನ್ನ ಪಾಳಿ ಬಂದಾಗ ಕಾಯದೆ ಮುರದ್ರ, ನಾಳಿ ನಿನ್ನ ಎರಡ ಕೊಡಾ ನೀರಿಗೆ ಯಾರ ಜವಾಬ್ದಾರಿ?"

"ಬೆಂಕಿ ಹತ್ತಲಿ ಆ ನೀರಿಗೆ!" ಎಂದು ಗಿರಣಿ ಅಕ್ಕ ಅತ್ತುಬಿಟ್ಟರು. ಅವರು ಅತ್ತದ್ದನ್ನು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ನನ್ನವರು ಟ್ರಂಕು ಹಿಡಿದು ಹೊರಟರು. ಅವರು ಇನ್ನೂ ಚಪ್ಪಲಿ ಮೆಟ್ಟುತ್ತಿರುವಾಗಲೇ ಮೂಲೆಮನೆಯ ಅಗಳಿ ಬಿತ್ತು. ನೌಕರಿ ಉಳಿಯಿತು. ಒಳ್ಳೆಯದಾಯಿತು. ಕಾಕು ನನ್ನೊಡನೆ ಮೊದಲಿನಂತೆಯೇ ಮಾತಾಡಿದರು, ಚಟ್ನಿ ಕೊಟ್ಟು ಕಳಿಸಿದರು. ಎಲ್ಲಿದ್ದೆ ಎಂದು ಕೇಳಲಿಲ್ಲ. ಸಭೆ ಮಾತ್ರ ಮತ್ತೆ ಮೊದಲಿನಂತೆ ಕೂಡಲಿಲ್ಲ. ಎರಡು ಮೂರು ಸಲ ಗಂಟೆಯಾಯಿತು, ಐದಾರು ಮಂದಿ ಬಂದರು. ಆಮೇಲೆ ಗಂಟೆಯೂ ನಿಂತಿತು.

ದೀಪಾವಳಿ ಕಳೆದ ಮೇಲೆ ಅಕ್ಕಲಕೋಟೆಯಿಂದ ಕಾಕುವಿನ ಅಣ್ಣ ಅವರನ್ನು ಕರೆದೊಯ್ಯಲು ಬಂದರು. ತುಸು ಹಾಸ್ಯದ ಮನುಷ್ಯ. "ನಡಿ ತಂಗಿ, ನಮ್ಮ ಸಂಸ್ಥಾನಕ್ಕ. ನಮಗ ರಾಜರು ಅದಾರ. ಓಟೂ ಇಲ್ಲ, ಪಟ್ಟೀನೂ ಇಲ್ಲ, ತಲಿಬ್ಯಾನಿನೂ ಇಲ್ಲ," ಎಂದರು. "ಬೇಷಾತು ಬಿಡಣ್ಣ," ಎಂದರು ಕಾಕು, "ಅಲ್ಲಿ ಎಲ್ಲಾರೂ ನನ್ನಂಗಽ." ನಾವು ನಕ್ಕೆವು. ಟಾಂಗಾ ತಿರುಗಿದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಒಂದೂವರೆ ವರ್ಷ ಕಳೆದ ಮೇಲೆ ಅವರಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಕೇಳಿ ನಾನು ರೈಲಿನಲ್ಲಿ ಹೋದೆ. ಅಕ್ಕಲಕೋಟೆ ರೋಡ್ ಸ್ಟೇಷನ್ನಿನಿಂದ ಊರಿಗೆ ಟಾಂಗಾದ ದಾರಿ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಆ ಸಂಜೆ ನಾನು ಮನೆಯಲ್ಲೇ ಇದ್ದೆ ಕಾಕು, ಕಿಟಕಿಯ ಹಿಂದೆಯೇ ನಿಂತಿದ್ದೆ... ಅವರು ಬಹಳ ಇಳಿದುಹೋಗಿದ್ದರು. ನನ್ನನ್ನು ನೋಡಿದ್ದೇ ಕಣ್ಣು ಅರಳಿತು, ಕೈಹಿಡಿದು ಹತ್ತಿರ ಕೂಡಿಸಿಕೊಂಡರು.

"ಆ ಪೆಟಿಗಿದು ಹೇಳು ಪೋರಿ. ಮತ್ತೊಮ್ಮೆ ಹೇಳು."

ಹೇಳಿದೆ. ಪೆಟ್ಟಿಗೆ, ಅರಗು, ಪರದೆ, ಗಟ್ಟಿಯಾಗಿ ಓದಿದ ಹೆಸರು. ಅವರು ಮಕ್ಕಳಂತೆ ಕೇಳುತ್ತಿದ್ದರು. ಕಾಗದ ಬಿದ್ದಾಗ ಸದ್ದಾಯಿತೇ ಎಂದು ಕೇಳಿದರು. ಆಯಿತು ಎಂದು ಸುಳ್ಳು ಹೇಳಿದೆ. ಜೋಡಿಸಿಕೊಂಡು ಹೋಗಿದ್ದ ಮಾತು ಹಾಗೆಯೇ ಉಳಿಯಿತು. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಾಗ ಹದಿಮೂರು ದಿನವೂ ಕಳೆದಿತ್ತು.

ಈಗ ಪಟ್ಟಿಗೆ ಮನೆ ಬೇಡ, ಹೊಲ ಬೇಡ, ಅಕ್ಷರವೂ ಬೇಡ. ಗಿರಣಿ ಅಕ್ಕ ಬದುಕಿದ್ದಷ್ಟು ದಿನ ಪ್ರತಿ ಚುನಾವಣೆಗೂ ಹೆಬ್ಬೆಟ್ಟು ಒತ್ತಿ ಮತ ಹಾಕಿ ಬಂದರು. ನನ್ನವರೂ ಹೋಗಿ ಈಗ ಆರು ವರ್ಷ. ಮತದಾನದ ದಿನ ನಾನು ಬೆಳಿಗ್ಗೆಯೇ ಎದ್ದು, ಕುಂಕುಮವಿಲ್ಲದ ಹಣೆಯಲ್ಲೇ, ಓಣಿಯ ನಡುವೆ ನಡೆದುಕೊಂಡು ಹೋಗುತ್ತೇನೆ. ಎದುರಿಗೆ ಬಂದವರು ನಮಸ್ಕಾರ ಎನ್ನುತ್ತಾರೆ, ಯಾರೂ ಮುಖ ತಿರುಗಿಸುವುದಿಲ್ಲ. ಒಂದು ಸಲವೂ ತಪ್ಪಿಸಿಲ್ಲ.

ಕಾಕು ಒಂದು ಸಲವೂ ಮತ ಹಾಕಲಿಲ್ಲ. ಆ ಸಂಜೆ ತುಳಸಿಯ ಕಡೆ ಏಳೇ ಮಂದಿ ಇದ್ದರು, ನಾನು ಇರಲಿಲ್ಲ.